‘ಯಾನೆ’ ಎಂಬ ಕೊಂಡಿ: ಕ್ವಿಬೆಕಿನ ಫ್ರೆಂಚರ ಹೆಸರುಗಳ ಕಥೆ

ನಮ್ಮ ಕಡೆ ಹಳೆಯ ಜಾಗದ ಕಾಗದ ಬಿಡಿಸಿ ನೋಡಿದವರಿಗೆಲ್ಲ ‘ಯಾನೆ’ ಎಂಬ ಪದ ಗೊತ್ತು. ಮಹಮ್ಮದ್ ಯಾನೆ ಮೋನು ಎಂದು ಬರೆದಿರುತ್ತದೆ. ಮೋನು ಎಂದರೆ ಇಡೀ ಊರಿಗೆ ಗೊತ್ತು, ಬರೀ ಮಹಮ್ಮದ್ ಎಂದರೆ ‘ಯಾವ ಮಹಮ್ಮದ್?’ ಎಂದು ಕೇಳುತ್ತಾರೆ. ಅರಬಿಯ ‘ಯಅನಿ’, ಅಂದರೆ ‘ಎಂದರೆ’, ಅದೇ ನಮ್ಮ ದಸ್ತಾವೇಜುಗಳಿಗೆ ಬಂದು ಯಾನೆ ಆಗಿದೆ. ಎರಡು ಹೆಸರುಗಳ ನಡುವೆ ಈ ಎರಡಕ್ಷರ ಇದ್ದರೆ ಮೊಮ್ಮಕ್ಕಳಿಗೆ ಜಾಗ ಸಿಗುತ್ತದೆ, ಇಲ್ಲದಿದ್ದರೆ ವಿಲೇಜ್ ಆಫೀಸಿಗೆ ನಡೆದು ನಡೆದು ಚಪ್ಪಲಿ ಸವೆಯುತ್ತದೆ.

ನನ್ನ ಉಪ್ಪ ಜೀನಸಿನ ಅಂಗಡಿ ಇಟ್ಟವರು. ಅವರ ಬಾಕಿ ಪುಸ್ತಕದಲ್ಲಿ ಮೂಸ ಎಂಬ ಹೆಸರಿನವರು ನಾಲ್ಕು ಮಂದಿ ಇದ್ದರು: ಗುಡ್ಡೆ ಮೂಸ, ಬೀಡಿ ಮೂಸ, ಕೆರೆಬದಿ ಮೂಸ, ಲಾರಿ ಮೂಸ. ಲಾರಿ ಮೂಸಾಕ ಲಾರಿ ಮಾರಿ ಎಷ್ಟೋ ವರ್ಷ ಕಳೆದರೂ ಪುಸ್ತಕದಲ್ಲಿ ಅವರು ಲಾರಿಯಿಂದ ಇಳಿಯಲೇ ಇಲ್ಲ. ಆಮೇಲೆ ಸಾಮಾನಿಗೆ ಅವರ ಮಗ ಬರತೊಡಗಿದಾಗ ಅವನೂ ‘ಲಾರಿ’ ಆದ. ಅವನಿಗೆ ಡ್ರೈವಿಂಗೇ ಬರುತ್ತಿರಲಿಲ್ಲ!

ಇದೇ ಸಂಗತಿ ಅಟ್ಲಾಂಟಿಕ್ ಸಾಗರದ ಆಚೆ ಒಂದು ಇಡೀ ಜನಾಂಗದ ಹೆಸರುಗಳನ್ನು ಕಟ್ಟಿದೆ ಎಂದು ನನಗೆ ತಿಳಿದದ್ದು ಗಲ್ಫಿನಲ್ಲಿ. ಡಿಪ್ಲೊಮಾ ಮುಗಿಸಿ ಅಲ್ಲಿ ಕಂಪ್ರೆಸರ್ ರಿಪೇರಿಯ ಕೆಲಸದಲ್ಲಿದ್ದಾಗ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಹಿರಿಯ ಟೆಕ್ನಿಷಿಯನ್ ಒಬ್ಬರು ಜತೆಗಿದ್ದರು. ಮಾತೃಭಾಷೆ ಫ್ರೆಂಚ್. ಅವರ ಮೊಬೈಲಿನಲ್ಲಿ ಹನ್ನೆರಡು ತಲೆಮಾರಿನ ವಂಶದ ಪಟ್ಟಿ ಇತ್ತು. ನಮ್ಮಲ್ಲಿ ಮುತ್ತಜ್ಜನ ಅಪ್ಪನ ಹೆಸರು ಹೇಳಬಲ್ಲವರೇ ಅಪರೂಪ, ಹಾಗಾಗಿ ಬೆರಗಾಯಿತು. ಆದರೆ ಪಟ್ಟಿಯ ನಡುವೆ ಮನೆತನದ ಹೆಸರೇ ಬದಲಾಗಿತ್ತು. ‘ಹೆಸರು ಬೇರೆ ಇದೆಯಲ್ಲ, ಇದು ನಿಮ್ಮದೇ ವಂಶ ಎಂದು ಹೇಗೆ ಗೊತ್ತು?’ ಎಂದು ಕೇಳಿದೆ. ಅವರು ಎರಡು ಹೆಸರುಗಳ ನಡುವಿನ ಮೂರಕ್ಷರದ ಪದವೊಂದನ್ನು ತೋರಿಸಿದರು. ಬರೆಯುವಾಗ ಮೂರಕ್ಷರ, ಓದುವಾಗ ಒಂದೇ: ‘ದಿ’. ಫ್ರೆಂಚಿನಲ್ಲಿ ‘ಎಂದು ಕರೆಯಲ್ಪಡುವ’ ಎಂದರ್ಥ. ಯಾನೆ! ಆಮೇಲೆ ಬಿಡುವಾದಾಗಲೆಲ್ಲ ಇದರ ಬಗ್ಗೆ ಓದುತ್ತಲೇ ಬಂದಿದ್ದೇನೆ.

ಕ್ವಿಬೆಕ್ ನಗರಕ್ಕೆ ಶಾಂಪ್ಲೇನ್ ಬುನಾದಿ ಹಾಕಿದ್ದು 1608ರಲ್ಲಿ. ಅದು ನ್ಯೂ ಫ್ರಾನ್ಸ್ ಎಂಬ ವಸಾಹತು. 1663ರಲ್ಲಿಯೂ ಅಲ್ಲಿದ್ದ ಫ್ರೆಂಚರು ಸುಮಾರು 3,000 ಮಾತ್ರ. ಇರೊಕ್ವಾ ಎಂಬ ಮೂಲನಿವಾಸಿಗಳ ಒಕ್ಕೂಟದೊಡನೆ ಯುದ್ಧ ನಡೆದಿತ್ತು. ಹಾಗಾಗಿ 1665ರಲ್ಲಿ ದೊರೆ 14ನೇ ಲೂಯಿ ಕಾರಿನ್ಯಾಂ-ಸಾಲಿಯೇರ್ ಎಂಬ ರೆಜಿಮೆಂಟನ್ನು ಕಳಿಸಿದ, ಸುಮಾರು 1,200 ಸಿಪಾಯಿಗಳು. ಯುದ್ಧ ಮುಗಿದ ಮೇಲೆ ಅವರಲ್ಲಿ ಸುಮಾರು 400 ಮಂದಿ ಅಲ್ಲೇ ಭೂಮಿ ಹಿಡಿದು ನೆಲೆ ನಿಂತರು.

ಫ್ರೆಂಚ್ ಸೈನ್ಯದಲ್ಲಿ ಪ್ರತಿ ಸಿಪಾಯಿಗೂ ಒಂದು ಯುದ್ಧದ ಹೆಸರು ಇರುತ್ತಿತ್ತು. ಒಂದೇ ಕಂಪನಿಯಲ್ಲಿ ಹತ್ತು ಜನ ಪಿಯೆರ್, ಹತ್ತು ಜನ ಜ್ಯಾಂ ಇದ್ದರೆ ಹಾಜರಿ ಕೂಗುವವನು ಏನು ಮಾಡಬೇಕು? ಉಪ್ಪ ಮಾಡಿದ್ದನ್ನೇ ಮಾಡಿದ. ಲಾಫ್ಲೆರ್ ಎಂದರೆ ಹೂವು, ಸಾಂಸೂಸಿ ಎಂದರೆ ಚಿಂತೆ ಇಲ್ಲದವ, ಜೋಲಿಕರ್ ಎಂದರೆ ಚಂದದ ಹೃದಯದವ, ಲಾಜನೆಸ್ ಎಂದರೆ ಎಳೆಯ ಪ್ರಾಯದವ. ಬೆಟ್ಟ ಕಡಿಯುವವ ಎಂಬ ಅರ್ಥದ ತ್ರಾಂಶ್‌ಮೊಂತಾನ್ ಎಂಬವನೂ ಇದ್ದ. ಕುಡಿಯಲು ಸದಾ ಸಿದ್ಧ ಎಂಬ ಅರ್ಥದ ಹೆಸರೂ ಇತ್ತು! ಊರಿನಿಂದ ಬಂದ ಹೆಸರುಗಳು ಬೇರೆ: ಆಂಜು ಪ್ರಾಂತ್ಯದವ ಲಾಂಜ್‌ವಾಂ, ಪಿಕಾರ್ಡಿಯವ ಪಿಕಾರ್. ನಮ್ಮಲ್ಲಿ ಬೇರೆ ಊರಿನಿಂದ ಬಂದು ನೆಲೆಸಿದವರನ್ನು ಅವರ ಊರಿನ ಹೆಸರಿನಿಂದಲೇ ಮೂರು ತಲೆಮಾರು ಕರೆಯುವುದಿಲ್ಲವೇ, ಹಾಗೆ.

ಸಿಪಾಯಿಗಳಿಗೆ ಮಾತ್ರ ಅಲ್ಲ, ಇತರರಿಗೂ ಅಡ್ಡಹೆಸರು ಅಂಟಿಕೊಂಡಿತು. ಅಬ್ರಹಾಂ ಮಾರ್ತಿನ್ ಎಂಬೊಬ್ಬ ಇದ್ದ, ದಾಖಲೆಯಲ್ಲಿ ‘ದಿ ಲೆಕೊಸೆ’, ಅಂದರೆ ಸ್ಕಾಟ್ಲೆಂಡಿನವ ಎಂದಿದೆ. ಕ್ವಿಬೆಕ್ ನಗರದ ಪಕ್ಕದ ಬಯಲಿಗೆ ಅಬ್ರಹಾಂ ಬಯಲು ಎಂಬ ಹೆಸರು ಬಂದದ್ದು ಅವನಿಂದಲೇ. 1759ರ ಸೆಪ್ಟೆಂಬರ್ 13ರಂದು ಬ್ರಿಟಿಷರು ಫ್ರೆಂಚರನ್ನು ಸೋಲಿಸಿದ್ದು ಅದೇ ಬಯಲಿನಲ್ಲಿ.

ಅಂಗಡಿಕಾರನ ಮಗನಾಗಿ ನನಗೆ ಹೆಚ್ಚು ಹಿಡಿಸಿದ್ದು ದೆಜಾರ್ದಾಂ ಎಂಬ ಹೆಸರಿನ ಹಾದಿ. ಆಂತ್ವಾನ್ ರ್‍ವಾ ಎಂಬ ಸಿಪಾಯಿ 1665ರ ಅದೇ ರೆಜಿಮೆಂಟಿನಲ್ಲಿ ಬಂದವ. ಪೀಪಾಯಿ ಕಟ್ಟುವ ಕಸುಬಿನವ. ಅವನ ಯುದ್ಧದ ಹೆಸರು ದೆಜಾರ್ದಾಂ, ‘ತೋಟಗಳ’ ಎಂದರ್ಥ. 1668ರಲ್ಲಿ ಮದುವೆಯಾದ, ಒಬ್ಬನೇ ಮಗ ಹುಟ್ಟಿದ. 1684ರಲ್ಲಿ ಮಾಂಟ್ರಿಯಲ್ ಬಳಿ ಇನ್ನೊಬ್ಬನ ಹೆಂಡತಿಯ ವಿಷಯದಲ್ಲಿ ಆ ಗಂಡನ ಕೈಯಲ್ಲೇ ಕೊಲೆಯಾದ. ಇಂಥ ಅಜ್ಜನನ್ನು ನಮ್ಮಲ್ಲಾದರೆ ಮೆಲ್ಲಗೆ ಪಟ್ಟಿಯಿಂದ ತೆಗೆದುಬಿಡುತ್ತಿದ್ದರು. ಅಲ್ಲಿ ಹಾಗಾಗಲಿಲ್ಲ. ವಂಶ ‘ರ್‍ವಾ ದಿ ದೆಜಾರ್ದಾಂ’ ಎಂದು ಮುಂದುವರಿಯಿತು. ಸುಮಾರು ಇನ್ನೂರು ವರ್ಷ ದಾಟಿ 1854ರಲ್ಲಿ ಲೆವಿ ಎಂಬ ಊರಿನಲ್ಲಿ ಫ್ರಾಂಸ್ವಾ ರ್‍ವಾ ದಿ ದೆಜಾರ್ದಾಂ ಎಂಬವರಿಗೆ ಹುಟ್ಟಿದ ಮಗ ಆಲ್ಫೊನ್ಸ್. ರ್‍ವಾ ಉದುರಿ, ದಿ ಉದುರಿ, ಅವರು ಬರೀ ಆಲ್ಫೊನ್ಸ್ ದೆಜಾರ್ದಾಂ ಆದರು. ಬಡ್ಡಿಯವರ ಹಿಡಿತದಿಂದ ಬಡವರನ್ನು ಬಿಡಿಸಬೇಕೆಂದು 1900ರಲ್ಲಿ ಅವರು ಲೆವಿಯಲ್ಲಿ ಶುರುಮಾಡಿದ ಜನರ ಸಹಕಾರಿ ಸಂಘವೇ ಇಂದು ಕ್ವಿಬೆಕಿನ ಬಹುದೊಡ್ಡ ಹಣಕಾಸು ಸಂಸ್ಥೆ, ಹೆಸರು ದೆಜಾರ್ದಾಂ. ಹಾಜರಿ ಕೂಗಲು ಇಟ್ಟ ಸಿಪಾಯಿಯ ಅಡ್ಡಹೆಸರು ಇವತ್ತು ಬೀದಿ ಬೀದಿಯ ಬ್ಯಾಂಕಿನ ಬೋರ್ಡಿನ ಮೇಲಿದೆ.

ಎಲ್ಲ ಮಕ್ಕಳೂ ಒಂದೇ ಹೆಸರು ಇಟ್ಟುಕೊಳ್ಳಬೇಕೆಂದಿರಲಿಲ್ಲ. ಅಣ್ಣ ಮೂಲ ಹೆಸರು ಹಿಡಿದರೆ ತಮ್ಮ ಅಡ್ಡಹೆಸರು ಹಿಡಿಯಬಹುದಿತ್ತು. ಬಾಯಲ್ಲಿ ಸವೆದ ಹೆಸರುಗಳು ಇನ್ನೊಂದು ಕಥೆ. ಓದು ಬಾರದವರ ಬಾಯಿಂದ ಕೇಳಿದ ಹಾಗೆ ಪಾದ್ರಿ ಬರೆಯುತ್ತಿದ್ದ. 1634ರಲ್ಲಿ ಬಂದ ಗಾರೆ ಕೆಲಸದ ಜ್ಯಾಂ ಗುಯೊಂ ಎಂಬವನ ಹೆಸರು ಕೆಲವು ಕವಲುಗಳಲ್ಲಿ ಸವೆದು ದಿಯೊಂ ಆಯಿತು. ಹಾಡುಗಾರ್ತಿ ಸೆಲಿನ್ ಡಿಯೋನ್ ಅದೇ ಬಳ್ಳಿಯವರು. ಜ್ಯಾಂ ಗುಯೊಂ ಜತೆ ಬಂದ ಬಡಗಿ ಝಕಾರಿ ಕ್ಲೂತಿಯೆಗೆ ಸಹಿ ಹಾಕಲು ಬರುತ್ತಿರಲಿಲ್ಲ, ಕರಾರು ಪತ್ರಗಳ ಕೆಳಗೆ ಕೊಡಲಿಯ ಚಿತ್ರ ಬಿಡಿಸುತ್ತಿದ್ದ. ಎಷ್ಟು ಚಂದದ ಸಹಿ! 1800ರೊಳಗೆ ಮದುವೆಯಾದ ಅವನ ಸಂತತಿಯನ್ನು ಸಂಶೋಧಕರು ಎಣಿಸಿದಾಗ ಸಿಕ್ಕಿದ್ದು 10,850 ಜನ. ವಸಾಹತಿನ ಬೇರೆ ಯಾವ ಅಜ್ಜನಿಗೂ ಅಷ್ಟಿಲ್ಲ.

ಉಲ್ಟಾ ಸಮಸ್ಯೆಯೂ ಇದೆ. ಕ್ವಿಬೆಕಿನಲ್ಲಿ ಅತಿ ಹೆಚ್ಚು ಜನರ ಮನೆತನದ ಹೆಸರು ತ್ರಾಂಬ್ಲೆ, ನೂರಕ್ಕೆ ಒಬ್ಬರು. ಅವರೆಲ್ಲ 1657ರಲ್ಲಿ ಕ್ವಿಬೆಕಿನಲ್ಲಿ ಮದುವೆಯಾದ ಪಿಯೆರ್ ತ್ರಾಂಬ್ಲೆ ಮತ್ತು ಓಜಾನ್ ಆಶೊಂ ಎಂಬ ಒಂದೇ ಜೋಡಿಯ ಸಂತತಿ. ಶಾರ್ಲೆವ್ವಾ ಎಂಬ ಗುಡ್ಡಗಾಡಿನಲ್ಲಿ ಎತ್ತ ನೋಡಿದರೂ ತ್ರಾಂಬ್ಲೆಗಳೇ. ಅಲ್ಲಿ ಮನೆತನದ ಹೆಸರು ಇದ್ದೂ ಇಲ್ಲದ ಹಾಗೆ. ಮತ್ತೆ ಅಡ್ಡಹೆಸರು ಬೇಕಾಯಿತು. 1838ರಲ್ಲಿ ಅಲ್ಲಿಂದ ಸಾಗೆನೆ ಕಣಿವೆಗೆ ಕಾಡು ಕಡಿಯಲು ಹೋದ 21 ಜನರ ತಂಡದ ಮುಂದಾಳು ಅಲೆಕ್ಸಿ ತ್ರಾಂಬ್ಲೆ ದಿ ಪಿಕೋತೆ. ಪಿಕೋತೆ ಎಂದರೆ ಮೈಲಿ ಕಲೆಯವ. ನಮ್ಮ ಊರಿನವರ ಹಾಗೆಯೇ, ಅಡ್ಡಹೆಸರು ಇಡುವಾಗ ಯಾರ ಮನಸ್ಸು ನೋಯುತ್ತದೆ ಎಂದು ಯಾರೂ ನೋಡಲಿಲ್ಲ.

ಇಷ್ಟು ಕಲಸುಮೇಲೋಗರ ಇದ್ದೂ ಅವರು ಹನ್ನೆರಡು ತಲೆಮಾರು ಹೇಗೆ ಹತ್ತುತ್ತಾರೆ? ಉತ್ತರ ಚರ್ಚಿನ ಪುಸ್ತಕಗಳಲ್ಲಿದೆ. ಫ್ರಾನ್ಸಿನಲ್ಲಿ 1539ರ ರಾಜಾಜ್ಞೆ ಪಾದ್ರಿಗಳು ಹುಟ್ಟಿನ ದಾಖಲೆ ಇಡಬೇಕೆಂದಿತು. 1579ರಲ್ಲಿ ಮದುವೆ, ಸಾವು ಸೇರಿದವು. 1667ರ ಕಾನೂನು ಎರಡು ಪ್ರತಿ ಬೇಕೆಂದಿತು: ಒಂದು ಚರ್ಚಿಗೆ, ಒಂದು ಕೋರ್ಟಿಗೆ. ಮೆಕ್ಯಾನಿಕಲ್ ಓದಿದವನಿಗೆ ಈ ಎರಡನೆಯ ಪ್ರತಿ ಎಂದರೆ ಏನೆಂದು ಹೇಳಬೇಕಾಗಿಲ್ಲ. ಒಂದು ಪಂಪು ಕೈಕೊಟ್ಟರೆ ಪಕ್ಕದ್ದು ನಡೆಯಬೇಕು. ಈ ಕಾನೂನು ಬರುವ ಮೊದಲು, 1640ರಲ್ಲಿ, ಕ್ವಿಬೆಕ್ ನಗರದ ಚರ್ಚಿಗೆ ಬೆಂಕಿ ಬಿದ್ದು ಪುಸ್ತಕಗಳೆಲ್ಲ ಬೂದಿಯಾಗಿದ್ದವು. ಪಾದ್ರಿಗಳು ನೆನಪಿನಿಂದ ಮತ್ತೆ ಬರೆದರು. ವಸಾಹತು ಚಿಕ್ಕದಿದ್ದದ್ದರಿಂದ ಅದು ಸಾಧ್ಯವಾಯಿತು. ನಮ್ಮ ಊರಿನಲ್ಲಿಯೂ ಅಂಥ ನೆನಪಿನವರು ಇದ್ದರು, ಆದರೆ ಅವರು ಬರೆದಿಡಲಿಲ್ಲ.

ಅಲ್ಲಿಯ ವಂಶ ಹುಡುಕುವವರು ಹುಟ್ಟಿನ ದಾಖಲೆಗಿಂತ ಮದುವೆಯ ದಾಖಲೆಯನ್ನು ಹಿಡಿಯುತ್ತಾರೆ. ಕಾರಣ, ಮದುವೆಯ ಪುಟದಲ್ಲಿ ಮದುಮಗ ಮತ್ತು ಮದುಮಗಳ ಇಬ್ಬರ ತಂದೆ ತಾಯಿಯ ಹೆಸರೂ ಇರುತ್ತದೆ. ನಾಲ್ಕನೆಯ ತಲೆಮಾರಿನವರೆಗಿನ ಸಂಬಂಧದೊಳಗೆ ಮದುವೆಗೆ ಕ್ಯಾಥೊಲಿಕ್ ಚರ್ಚಿನ ತಡೆ ಇತ್ತು, ವಿಶೇಷ ಅನುಮತಿ ಬೇಕಿತ್ತು. ಹಾಗಾಗಿ ಯಾರು ಯಾರ ಮಕ್ಕಳು ಎಂಬುದು ಪಾದ್ರಿಗೆ ಬೇಕೇ ಬೇಕು. ಒಂದು ಮದುವೆಯಿಂದ ಎರಡು ಮದುವೆಗೆ, ಎರಡರಿಂದ ನಾಲ್ಕಕ್ಕೆ, ಮೆಟ್ಟಿಲು ಹತ್ತಿದ ಹಾಗೆ ಹೋಗಬಹುದು. ಮನೆತನದ ಹೆಸರು ನಡುವೆ ಬದಲಾದರೂ ಜೋಡಿಯ ಎರಡು ಹೆಸರು, ಮೇಲಿನ ನಾಲ್ಕು ಹೆಸರು ಒಟ್ಟಿಗೆ ಹೊಂದಬೇಕಲ್ಲ. ನಟ್ಟು ಬದಲಾಗಿದ್ದರೂ ಬೋಲ್ಟಿನ ಥ್ರೆಡ್ ಹೇಳಿಬಿಡುತ್ತದೆ.

ಸಿಪ್ರಿಯಾಂ ತಾಂಗೆ ಎಂಬ ಪಾದ್ರಿ ಈ ಪುಸ್ತಕಗಳನ್ನೆಲ್ಲ ಜಾಲಾಡಿ ಕೆನಡಾದ ಫ್ರೆಂಚ್ ಕುಟುಂಬಗಳ ವಂಶ ನಿಘಂಟನ್ನು 7 ಸಂಪುಟಗಳಲ್ಲಿ ತಂದರು, 1871ರಿಂದ 1890ರವರೆಗೆ. ಕಂಪ್ಯೂಟರ್ ಇಲ್ಲ, ಫೋಟೊಕಾಪಿ ಇಲ್ಲ. ಕೊನೆಯ ಸಂಪುಟದಲ್ಲಿ ಯಾವ ಹೆಸರು ಯಾವ ಹೆಸರಿನ ‘ದಿ’ ಎಂಬ ಪಟ್ಟಿಯನ್ನೇ ಕೊಟ್ಟರು. 1940ರ ದಶಕದಲ್ಲಿ ದ್ರುವಾಂ ಸಂಸ್ಥೆ ಆ ಪುಸ್ತಕಗಳ ಕೋರ್ಟಿನ ಪ್ರತಿಗಳ ಮೈಕ್ರೊಫಿಲ್ಮ್ ತೆಗೆಯಿತು. 1966ರಿಂದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಕಂಪ್ಯೂಟರಿಗೆ ಏರಿಸತೊಡಗಿದರು. ತಾಂಗೆ ಮಾಡಿದ ತಪ್ಪುಗಳನ್ನು ಆಮೇಲಿನವರು ತಿದ್ದಿದ್ದಾರೆ, ಆದರೆ ಬುನಾದಿ ಅವರದೇ.

ಇಲ್ಲಿ ಹುಡುಗರಿಗೆಲ್ಲ ಒಂದು ಎಚ್ಚರಿಕೆ: ಆ ಪುಸ್ತಕಗಳಲ್ಲಿ ಗಂಡು ಮಗುವಿನ ಮೊದಲ ಹೆಸರು ಸಾಮಾನ್ಯವಾಗಿ ಜೋಸೆಫ್, ಹೆಣ್ಣು ಮಗುವಿನದು ಮರಿ. ಅದು ಬರಕತ್ತಿಗೆ ಇಟ್ಟದ್ದು, ಕರೆಯುವ ಹೆಸರು ಹಿಂದೆ ಇರುತ್ತದೆ. ಪ್ರಧಾನಿಯಾಗಿದ್ದ ಪಿಯೆರ್ ಟ್ರುಡೊ ಅವರ ಪೂರ್ತಿ ಹೆಸರು ಜೋಸೆಫ್ ಫಿಲಿಪ್ ಪಿಯೆರ್ ಈವ್ ಎಲಿಯಟ್ ಟ್ರುಡೊ. ಗಲ್ಫಿನ ಆಫೀಸಿನಲ್ಲಿ ‘ಮಹಮ್ಮದ್’ ಎಂದು ಕೂಗಿದಾಗ ಒಟ್ಟಿಗೆ ಎದ್ದು ನಿಂತ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹೆಂಗಸರ ಮಾತು. ನನ್ನ ಮಟ್ಟಿಗೆ ಇಡೀ ಕಥೆಯ ಗಟ್ಟಿ ಭಾಗ ಇದೇ. ಕ್ವಿಬೆಕಿನ ದಾಖಲೆಗಳಲ್ಲಿ ಹೆಂಗಸು ಹುಟ್ಟಿನಿಂದ ಸಾವಿನವರೆಗೆ ತವರಿನ ಹೆಸರಿನಲ್ಲೇ ಇರುತ್ತಾಳೆ. ಮಾತಿನಲ್ಲಿ ಇಂಥವರ ಹೆಂಡತಿ ಎಂದು ಕರೆದರೂ ಮದುವೆ, ಮಗುವಿನ ಜ್ಞಾನಸ್ನಾನ, ದಫನ, ಎಲ್ಲ ಕಡೆ ಅವಳ ತಂದೆಯ ಮನೆಯ ಹೆಸರೇ. ನನ್ನ ಉಮ್ಮನೂ ಮದುವೆಯಾದ ಮೇಲೆ ಉಪ್ಪನ ಹೆಸರು ಹಚ್ಚಿಕೊಂಡವರಲ್ಲ, ನಮ್ಮಲ್ಲಿ ಆ ಪದ್ಧತಿಯೇ ಇಲ್ಲ. ಆದರೆ ಇಂಗ್ಲಿಷ್ ಫಾರಂ ತುಂಬಿಸುವ ಹೊಸ ಕಾಲದಲ್ಲಿ ಹುಡುಗಿಯರ ಹೆಸರಿನ ಹಿಂದೆ ಗಂಡನ ಹೆಸರು ತಾನಾಗಿ ಬಂದು ಕೂರುತ್ತಿದೆ. ಯಾರೂ ಕೇಳಿದ್ದಲ್ಲ, ಕಾಲಂ ಖಾಲಿ ಬಿಡಬಾರದೆಂದು ತುಂಬಿಸಿದ್ದು ಅಷ್ಟೆ.

ತವರಿನ ಹೆಸರು ಉಳಿದದ್ದರಿಂದ ಏನು ಲಾಭ ಎಂದರೆ ಒಂದು ನಿಜ ಸಂಗತಿ ಹೇಳುತ್ತೇನೆ. ಗಂಡಸರೇ ತುಂಬಿದ್ದ ವಸಾಹತಿಗೆ 1663ರಿಂದ 1673ರ ನಡುವೆ ದೊರೆಯ ಖರ್ಚಿನಲ್ಲಿ ಸುಮಾರು 770 ಹೆಣ್ಣುಮಕ್ಕಳನ್ನು ಹಡಗು ಹತ್ತಿಸಿದರು. ಬಡವರು, ಅನಾಥರು ಹಲವರು. ದೊರೆಯ ಹೆಣ್ಣುಮಕ್ಕಳು ಎಂದೇ ಅವರನ್ನು ಕರೆಯುತ್ತಾರೆ. ಆಂತ್ವಾನ್ ರ್‍ವಾನ ಹೆಂಡತಿಯೂ ಅವರಲ್ಲೊಬ್ಬಳು. ಮುನ್ನೂರು ವರ್ಷದ ಮೇಲೆ ಕ್ವಿಬೆಕಿನ ಕೆಲವು ಕುಟುಂಬಗಳಲ್ಲಿ ಎಳೆ ಪ್ರಾಯದ ಗಂಡುಮಕ್ಕಳ ಕಣ್ಣು ಮಂಜಾಗುವ ಕಾಯಿಲೆ ಕಾಣುತ್ತಿತ್ತು. ಲೇಬರ್ ಎಂಬ ವೈದ್ಯರ ಹೆಸರಿನ ಕಾಯಿಲೆ ಅದು, ತಾಯಿಯಿಂದ ಮಾತ್ರ ಮಕ್ಕಳಿಗೆ ಹೋಗುತ್ತದೆ. ಕುಟುಂಬಗಳ ಹೆಸರು ಬೇರೆ ಬೇರೆ, ಒಬ್ಬರಿಗೊಬ್ಬರು ಸಂಬಂಧ ಇಲ್ಲ ಎಂದೇ ತಿಳಿದಿದ್ದರು. ಸಂಶೋಧಕರು ತಾಯಿ, ತಾಯಿಯ ತಾಯಿ, ಅವಳ ತಾಯಿ ಎಂದು ಹತ್ತುತ್ತಾ ಹೋದರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹೆಚ್ಚಿನ ಕುಟುಂಬಗಳ ಬೇರು ಬಂದು ಸೇರಿದ್ದು ಒಬ್ಬಳೇ ಹೆಂಗಸಿನಲ್ಲಿ: 1669ರಲ್ಲಿ ಕ್ವಿಬೆಕಿನಲ್ಲಿ ಮದುವೆಯಾದ ದೊರೆಯ ಹೆಣ್ಣುಮಗಳೊಬ್ಬಳು. ಇವಳು ಇಂಥವನ ಹೆಂಡತಿ ಎಂದಷ್ಟೇ ಬರೆದಿದ್ದರೆ ಎರಡನೆಯ ಮೆಟ್ಟಿಲಿನಲ್ಲೇ ದಾರಿ ಮುಚ್ಚುತ್ತಿತ್ತು.

ಈಗ ಅಲ್ಲಿ ಇದು ಕಾನೂನೇ ಆಗಿದೆ. 1981ರಿಂದ ಕ್ವಿಬೆಕಿನಲ್ಲಿ ಮದುವೆಯಾದ ಮೇಲೂ ಗಂಡ ಹೆಂಡತಿ ಇಬ್ಬರೂ ಹುಟ್ಟುಹೆಸರಿನಲ್ಲೇ ಎಲ್ಲ ವ್ಯವಹಾರ ಮಾಡಬೇಕು. ಮಕ್ಕಳಿಗೆ ತಾಯಿಯದು, ತಂದೆಯದು, ಅಥವಾ ಎರಡನ್ನೂ ಜೋಡಿಸಿ ಇಡಬಹುದು, ಎರಡಕ್ಕಿಂತ ಹೆಚ್ಚು ಕೂಡದು. ಇಲ್ಲವಾದರೆ ಜೋಡಿ ಹೆಸರಿನವರಿಬ್ಬರು ಮದುವೆಯಾದರೆ ಮಗುವಿಗೆ ನಾಲ್ಕು ಹೆಸರು! 1994ರಿಂದ ಹುಟ್ಟು, ಮದುವೆ, ಸಾವಿನ ಲೆಕ್ಕ ಸರ್ಕಾರಿ ಕಚೇರಿಯದು.

ಆದರೆ ಈ ಪುಸ್ತಕಗಳನ್ನು ಹೊಗಳುತ್ತಲೇ ಹೋದರೆ ಅನ್ಯಾಯವಾಗುತ್ತದೆ. ಅಲ್ಲಿ ಗುಲಾಮರೂ ಇದ್ದರು. 1629ರಲ್ಲಿ ಬ್ರಿಟಿಷರ ಕಡೆಯ ಹಡಗಿನಲ್ಲಿ ಕ್ವಿಬೆಕಿಗೆ ಬಂದ ಹುಡುಗನೊಬ್ಬ ಮಡಗಾಸ್ಕರಿನವನು. ಅವನನ್ನು ಮಾರಿದರು. 1633ರಲ್ಲಿ ಜ್ಞಾನಸ್ನಾನ ಕೊಟ್ಟು ಒಲಿವಿಯೆ ಲ ಜೆನ್ ಎಂದು ಹೆಸರಿಟ್ಟರು. ಲ ಜೆನ್ ಎಂಬುದು ಅವನಿಗೆ ಅಕ್ಷರ ಕಲಿಸಿದ ಪಾದ್ರಿಯ ಹೆಸರು. ಅವನ ಅಪ್ಪ ಅಮ್ಮ ಕರೆದ ಹೆಸರು ಎಲ್ಲೂ ಇಲ್ಲ. ಅವನು 1654ರಲ್ಲಿ ತೀರಿಕೊಂಡ. ಇತಿಹಾಸಕಾರ ಮಾರ್ಸೆಲ್ ತ್ರುದೆಲ್ ಇದೇ ಚರ್ಚಿನ ಪುಸ್ತಕ, ನೋಟರಿ ಕಾಗದಗಳನ್ನು ಜಾಲಾಡಿ ಸುಮಾರು 4,200 ಗುಲಾಮರನ್ನು ಎಣಿಸಿದರು. ಮೂರರಲ್ಲಿ ಎರಡು ಪಾಲು ಮೂಲನಿವಾಸಿಗಳು, ಪುಸ್ತಕದಲ್ಲಿ ‘ಪಾನಿ’ ಎಂದು ಬರೆದಿರುತ್ತಾರೆ. ಒಂದು ಹೆಸರು, ಯಜಮಾನನ ಹೆಸರು, ಅಷ್ಟೆ. ಅವರಿಗೆ ‘ದಿ’ಯೂ ಇಲ್ಲ, ಹಿಂದಿನ ಮೆಟ್ಟಿಲೂ ಇಲ್ಲ. 1960ರಲ್ಲಿ ತ್ರುದೆಲ್ ಪುಸ್ತಕ ಬಂದಾಗ, ನಮ್ಮಲ್ಲಿ ಗುಲಾಮಗಿರಿ ಇತ್ತೇ ಎಂದು ಅಲ್ಲಿಯ ಎಷ್ಟೋ ಜನ ಮುಖ ಮುಖ ನೋಡಿಕೊಂಡರು.

ಗಡಿ ದಾಟಿದವರದು ಇನ್ನೊಂದು ಪಾಡು. 1840ರಿಂದ 1930ರ ನಡುವೆ ಸುಮಾರು 9 ಲಕ್ಷ ಫ್ರೆಂಚ್ ಕೆನಡಿಯನ್ನರು ಅಮೆರಿಕಕ್ಕೆ ಹೋದರು. ಹೆಚ್ಚಿನವರು ಹೋದದ್ದು ನ್ಯೂ ಇಂಗ್ಲೆಂಡಿನ ಬಟ್ಟೆ ಗಿರಣಿಗಳಿಗೆ. ಅಲ್ಲಿಯ ಗುಮಾಸ್ತರಿಗೆ ಫ್ರೆಂಚ್ ಬಾರದು. ರ್‍ವಾ ಎಂದರೆ ರಾಜ, ಅವರು ಕಿಂಗ್ ಆದರು. ಬ್ವಾವೆರ್ ಎಂದರೆ ಹಸಿರು ಕಾಡು, ಗ್ರೀನ್‌ವುಡ್ ಆದರು. ಲಬ್ಲಾಂ ವೈಟ್ ಆದರು, ದೆಜಾರ್ದಾಂ ಕೆಲವರು ಗಾರ್ಡನರ್ ಆದರು. ಅಂದರೆ ಒಂದೇ ಗಿರಣಿಯಲ್ಲಿ ದುಡಿಯುವ ಕಿಂಗ್ ಮತ್ತು ಗಾರ್ಡನರ್ ಇಬ್ಬರೂ ಆ ಪೀಪಾಯಿಕಾರನ ಮೊಮ್ಮಕ್ಕಳಾಗಿದ್ದಿರಬಹುದು, ಇಬ್ಬರಿಗೂ ಗೊತ್ತಿಲ್ಲದೆ. ಇಲ್ಲಿ ಅನುವಾದ ಮಾಡಿದವರು ‘ದಿ’ ಬರೆಯಲಿಲ್ಲ. ಹಳೆಯದು ಇದು, ಹೊಸದು ಇದು ಎಂದು ಒಂದೇ ಸಾಲಿನಲ್ಲಿ ಎರಡೂ ಇಲ್ಲ.

ಇದನ್ನು ಓದುವಾಗ ನನಗೆ ಕಾಸರಗೋಡಿನ ನಮ್ಮ ಮನೆಯ ಕಪಾಟು ನೆನಪಾಯಿತು. ಉಪ್ಪನ ಹೆಸರು ಶಾಲೆಯ ಸರ್ಟಿಫಿಕೇಟಿನಲ್ಲಿ ಕನ್ನಡದಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ಮಲಯಾಳದಲ್ಲಿ ಒಂದು ಥರ, ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿ ಮತ್ತೊಂದು ಥರ. 1956ರಲ್ಲಿ ಗಡಿ ಆಚೀಚೆ ಆದದ್ದರಿಂದ ಇಂಥ ಕಪಾಟು ಇಲ್ಲಿ ಮನೆ ಮನೆಯಲ್ಲೂ ಇದೆ. ಮೂವರೂ ಒಬ್ಬರೇ ಎಂದು ವಿಲೇಜ್ ಆಫೀಸಿನಿಂದ ಬೇರೆ ಸರ್ಟಿಫಿಕೇಟು ತರಬೇಕು. ಕ್ವಿಬೆಕಿನ ಪಾದ್ರಿ ಒಂದು ಪದದಲ್ಲಿ ಮುಗಿಸಿದ ಕೆಲಸ.

ನ್ಯೂ ಇಂಗ್ಲೆಂಡಿನ ಲೋವೆಲ್ ಎಂಬ ಗಿರಣಿ ಊರಿನಲ್ಲಿ 1922ರಲ್ಲಿ ಹುಟ್ಟಿದ ಜ್ಯಾಕ್ ಕೆರೊವಾಕ್ ಅಮೆರಿಕದ ಪ್ರಸಿದ್ಧ ಕಾದಂಬರಿಕಾರ. ಅಪ್ಪ ಅಮ್ಮ ಇಬ್ಬರೂ ಕ್ವಿಬೆಕಿನ ಕಡೆಯವರು, ಮನೆಯಲ್ಲಿ ಫ್ರೆಂಚ್. ತಾವು ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ದೊಡ್ಡ ಮನೆತನದವರು ಎಂದು ಮನೆಯಲ್ಲಿ ಹೇಳುತ್ತಿದ್ದರು. 1965ರಲ್ಲಿ ಅವರು ಪ್ಯಾರಿಸಿನ ಗ್ರಂಥಾಲಯಕ್ಕೂ ಬ್ರಿಟನಿಗೂ ಹೋಗಿ ಅಜ್ಜನನ್ನು ಹುಡುಕಿದರು. ಸಿಗಲಿಲ್ಲ. ಬರಿಗೈಯಲ್ಲಿ ಬಂದು ಆ ಪ್ರವಾಸದ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದರು, 1969ರಲ್ಲಿ ತೀರಿಕೊಂಡರು. ಅಜ್ಜ ಸಿಗದೇ ಇದ್ದದ್ದಕ್ಕೆ ಕಾರಣ ಅಜ್ಜನೇ. ಅವನು ಕ್ವಿಬೆಕಿಗೆ ಬಂದ ಮೇಲೆ ಬೇರೆ ಬೇರೆ ಹೆಸರು ಹೇಳಿಕೊಂಡಿದ್ದ, ಸತ್ತಾಗ ಇದ್ದ ಹೆಸರು ಹುಟ್ಟಿದಾಗ ಇರಲಿಲ್ಲ. ಕೆರೊವಾಕ್ ಸತ್ತು ಸುಮಾರು ಮೂವತ್ತು ವರ್ಷ ಕಳೆದ ಮೇಲೆ ಬ್ರಿಟನಿಯ ಸಂಶೋಧಕಿಯೊಬ್ಬರು ಅವನನ್ನು ಪತ್ತೆ ಮಾಡಿದರು. ನೋಟರಿಯೊಬ್ಬನ ಮಗ, ಮೂಲ ಹೆಸರು ಉರ್ಬೆಂ-ಫ್ರಾಂಸ್ವಾ ಲ ಬಿಯಾಂ ದ ಕೆರ್ವೊವಾಕ್. 1732ರಲ್ಲಿ ಸೇಂಟ್ ಲಾರೆನ್ಸ್ ನದಿಯ ದಡದ ಚರ್ಚೊಂದರಲ್ಲಿ ಅವನ ಮದುವೆಯಾಗಿತ್ತು. ಆ ಪುಟದಲ್ಲಿ ಅವನ ಹೆಸರು ಬೇರೆಯೇ ಇದೆ. ಹೆಂಡತಿ ಲೂಯಿಸ್ ಬೆರ್ನಿಯೆಯ ಹೆಸರು, ಅವಳ ಅಪ್ಪನ ಮನೆಯ ಹೆಸರು, ಸರಿಯಾಗಿಯೇ ಇದೆ.